ಬಾಳಿಗರು ಒದ್ದ ಗೋಣಿಚೀಲ

ಆ ದಿನ ನೆನೆದರೆ ಈಗಲೂ ಮೈ ಉರಿಯುತ್ತದೆ. ನಾನು ಮೀನುಗಾರರ ಸಂಘದ ವೈರ್‌ಲೆಸ್ ಕೋಣೆಯಲ್ಲಿದ್ದವನು. ಶಾಲೆಯ ಮೆಟ್ಟಿಲು ಹತ್ತಿಲ್ಲ, ಆದರೆ ನನ್ನ ದನಿ ಕೇಳಿದರೆ ಬಂಗುಡೆ ಮೀನೂ ದಡದ ಕಡೆ ತಿರುಗುತ್ತಿತ್ತು.

ದೋಣಿಗಳು ಸಂಜೆ ಹೊರಡುವ ಮೊದಲು ವಾಕಿಟಾಕಿಗಳಿಗೆ ಹೊಸ ಚಾನೆಲ್ ತುಂಬಬೇಕಿತ್ತು. ಇಲ್ಲದಿದ್ದರೆ ನಡುನೀರಿನಲ್ಲಿ ಮುಳುಗುವವನು ಕೂಗಿದರೂ ದಡಕ್ಕೆ ಕೇಳದು. ತುಂಬುವ ಸಾಫ್ಟ್‌ವೇರ್ ಹಳೇ ಕಾಲದ್ದು. ಮ್ಯಾನೇಜರ್ ಬಾಳಿಗರು ತಂದ ಹೊಸ ಕಂಪ್ಯೂಟರಿನ ವೇಗಕ್ಕೆ ಅದು ಬೆದರಿ ನಿಂತುಬಿಡುತ್ತಿತ್ತು. ನಮ್ಮ ಮುದಿ ಕಂಪ್ಯೂಟರಿನಲ್ಲಿ ಮಾತ್ರ ಓಡುತ್ತಿತ್ತು.

"ಅದೆಲ್ಲ ನೆಪ," ಎಂದರು ಬಾಳಿಗರು. "ಹೊಸದರಲ್ಲೇ ಆಗಬೇಕು. ಹಳೇದು ಇವತ್ತೇ ಗುಜರಿಗೆ. ಆಗದಿದ್ದರೆ ನೀನೂ ಅದರ ಹಿಂದೆ ಹೋಗು."

ನನ್ನನ್ನೇ ಗುಜರಿಗೆ ಹಾಕುವವನು ಹುಟ್ಟಿಬಿಟ್ಟನಲ್ಲ. ಅವರು ಊಟಕ್ಕೆ ಹೋದದ್ದೇ ತಡ, ಹಳೇದನ್ನು ಮೇಜಿನ ಮೇಲಿಟ್ಟು ಹೊಸದರ ಹೊಳೆಯುವ ಹೊದಿಕೆ ಹೊದಿಸಿದೆ. ಹೊಸದನ್ನು ಗೋಣಿಚೀಲಕ್ಕೆ ತುಂಬಿ, ಗುಜರಿಗೆ ಹೊರಟ ಹಳೇದರಂತೆ ಬಾಗಿಲಲ್ಲಿಟ್ಟೆ.

ಬಾಳಿಗರು ಬಂದರು. ಅವರೆದುರೇ ವಾಕಿಟಾಕಿಗಳು ಒಂದೊಂದಾಗಿ ಚಾನೆಲ್ ತುಂಬಿಕೊಂಡು ದೋಣಿಗಳಿಗೆ ಹೋದವು. ದೋಣಿ ನಡೆಸುವ ಗಣಪು ಹರಿಕಾಂತ, ದೋಣಿ ಕಟ್ಟುವ ದಕ್ಕೆಯಿಂದ ಮಾತಾಡಿದ್ದು ಸ್ಪಷ್ಟವಾಗಿ ಕೇಳಿತು.

"ಹೊಸದು ಅಂದರೆ ಹೊಸದೇ," ಎಂದು ಬೀಗಿದ ಬಾಳಿಗರು ಚೀಲಕ್ಕೊಂದು ಒದೆ ಕೊಟ್ಟರು. "ಈ ದರಿದ್ರವನ್ನು ಮೊದಲು ಗುಜರಿಗೆಸೆ."

ಒಳಗೆ ಏನೋ ಲಟ್ಟೆಂದಿತು.

"ಮೆಲ್ಲಗೆ ಸ್ವಾಮಿ," ಎಂದೆ. "ಮೇಜಿನ ಮೇಲಿರುವವನು ನಮ್ಮ ಮುದುಕ. ನೀವು ಒದ್ದದ್ದು ನಿಮ್ಮ ಮದುಮಗನನ್ನ."

ಬಾಳಿಗರು ಹೊದಿಕೆ ಎತ್ತಿ ನೋಡಿದರು. ನಾನೋ, ಗಣಪು ಮಾತು ಮುಗಿಸಿದಾಗಿನಿಂದ ನನ್ನ ವಾಕಿಟಾಕಿಯ ಗುಂಡಿ ಒತ್ತಿಯೇ ಹಿಡಿದಿದ್ದೆ; ಕೋಣೆಯ ಮಾತೆಲ್ಲ ದೋಣಿಗಳಿಗೆ ಕೇಳಿತ್ತು. ಕೈ ಬಿಟ್ಟೆ. ದಕ್ಕೆಯ ದೋಣಿಗಳೆಲ್ಲ ನಕ್ಕ ರಭಸಕ್ಕೆ ಸಮುದ್ರವೇ ಒಂದು ಗೇಣು ಮೇಲೆದ್ದಿತು. ಆ ನಗೆಯ ನಡುವೆ ಗಣಪುವಿನ ದನಿ ಬಂತು:

"ಹಾಗಾದ್ರೆ ಗುಜರಿಗೆ ಯಾರನ್ನ ಕಳಿಸೋದು, ಸಾಹೇಬ್ರೇ?"