ಗಂಗೆ ಬಿಚ್ಚಲಾರದ ಬಾಗಿನ

ದೀಪದ ಕುಡಿಯನ್ನು ಸರಿಮಾಡಿ, ಬಲಗೈಯಲ್ಲಿ ಅಕ್ಷತೆ ಹಿಡಿದು, ಮೊದಲು ವಿಘ್ನೇಶ್ವರನಿಗೂ ಆಮೇಲೆ ಮನೆಗೆ ಬಂದ ಗೌರಿಗೂ ಮನಸ್ಸಿನಲ್ಲೇ ವಂದಿಸಿ, ಮಾತು ನಿಲ್ಲಿಸಿ ಕುಳಿತುಕೊಳ್ಳಿರಿ ತಾಯಂದಿರೇ. ಪಕ್ಕದವಳ ಸೀರೆಯ ಅಂಚನ್ನು ಆಮೇಲೂ ನೋಡಬಹುದು, ಅದೆಲ್ಲಿಗೂ ಓಡಿಹೋಗುವುದಿಲ್ಲ. ಈಗ ಕೆರೆಯ ಗಂಗೆಗೆ ಬಾಗಿನ ಕೊಡುವ ವ್ರತದ ಕಥೆಯನ್ನು ಹೇಳುತ್ತೇನೆ, ಕಿವಿಗೊಟ್ಟು ಕೇಳುವಂಥವರಾಗಿರಿ.

ಕೈಲಾಸದಲ್ಲಿ ಪರಮೇಶ್ವರನಿಗೆ ಇಬ್ಬರು ಹೆಂಡಿರು. ಗೌರಿಗೆ ತೊಡೆಯ ಮೇಲೆ ಜಾಗ, ಗಂಗೆಗೆ ತಲೆಯ ಮೇಲೆ ಜಾಗ. ತನಗಿಂತ ಎತ್ತರದಲ್ಲಿ ಕೂತಿದ್ದಾಳಲ್ಲ ಎಂದು ಇವಳಿಗೆ ಉರಿ, ತನಗಿಂತ ಹತ್ತಿರ ಕೂತಿದ್ದಾಳಲ್ಲ ಎಂದು ಅವಳಿಗೆ ಉರಿ. ದೇವರ ಮನೆಯಲ್ಲೇ ಹೀಗಿರಲು ನಮ್ಮ ನಿಮ್ಮ ಮನೆಯ ಪಾಡು ಹೇಳಬೇಕೆ? ಆದಕಾರಣ ಭಾದ್ರಪದ ಶುದ್ಧ ತದಿಗೆಯ ದಿನ ಇಬ್ಬರಿಗೂ ಬಾಗಿನ ಸಲ್ಲಬೇಕು, ಗೌರಿಗೆ ಮನೆಯೊಳಗೆ, ಗಂಗೆಗೆ ನೀರಿನೊಳಗೆ ಎಂದು ಹಿರಿಯರು ಕಟ್ಟುಮಾಡಿದರು.

ಕನ್ನೆಗೆರೆಯೆಂಬ ಪಟ್ಟಣವೊಂದಿತ್ತು. ಊರ ಮುಂದೆ ದೊಡ್ಡ ಕೆರೆ, ಕೆರೆಗೊಂದು ಕಲ್ಲಿನ ತೂಬು, ತೂಬಿನಿಂದ ಹೊರಟ ಕಾಲುವೆ ಊರ ಹಿತ್ತಲುಗಳ ಪಕ್ಕದಲ್ಲೇ ಹರಿಯುತ್ತಿದ್ದುದರಿಂದ ಮನೆಮನೆಯ ಬಾವಿಯೂ ಸಿಹಿನೀರಿನಿಂದ ತುಂಬಿರುತ್ತಿತ್ತು. ಆ ಊರಿನ ಒಂದು ಮನೆಯಲ್ಲಿ ಅಣ್ಣತಮ್ಮಂದಿರಿಬ್ಬರು ಪಾಲಾಗಿ, ನಡುವೆ ಗೋಡೆ ಎಬ್ಬಿಸಿಕೊಂಡು, ಹಿತ್ತಲ ಬಾವಿಯನ್ನು ಮಾತ್ರ ಪಾಲುಮಾಡಲಾರದೆ, ಗೋಡೆಯನ್ನು ಬಾವಿಯ ಮೇಲೇ ಹಾಯಿಸಿ, ಆಚೆಯಿಂದ ಒಬ್ಬರು ಈಚೆಯಿಂದ ಒಬ್ಬರು ಸೇದುತ್ತಿದ್ದರು. ಈಚೆಯವಳು ಹಿರಿಯ ಸೊಸೆ ಸರ್ವಮಂಗಳೆ. ಅವಳ ಗಂಡನಿಗೆ ಪೇಟೆಯಲ್ಲಿ ಫ್ಯಾನ್ಸಿ ಅಂಗಡಿ, ಅವಳಿಗೆ ಶ್ಯಾಮಲೆಯೆಂಬ ಒಬ್ಬಳೇ ಮಗಳು, ಮದುವೆಯಾಗಿ ಗಂಡನ ಮನೆಯಲ್ಲಿದ್ದಳು. ಆಚೆಯವಳು ಕಿರಿಯ ಸೊಸೆ ಅಂಬುಜೆ. ಅವಳ ಗಂಡ ಶಾಲೆಯ ಮೇಷ್ಟ್ರು, ಮಕ್ಕಳಿರಲಿಲ್ಲ.

ಹೀಗಿರಲಾಗಿ ಸರ್ವಮಂಗಳೆಗೆ ಉಣ್ಣಲು ಉಡಲು ಏನೂ ಕಡಿಮೆಯಿಲ್ಲದಿದ್ದರೂ ಓರಗಿತ್ತಿಯನ್ನು ಕಂಡರೆ ಹೊಟ್ಟೆಯಲ್ಲಿ ಕೆಂಡ ಇಟ್ಟಂತಾಗುತ್ತಿತ್ತು. ಕಾರಣವೇನೆಂದರೆ ಬಾಗಿನ. ಬಾಗಿನವೆಂದರೆ ನಿಮಗೆ ಗೊತ್ತಿದ್ದದ್ದೇ: ಬಿದಿರಿನ ಮೊರದಲ್ಲಿ ಅರಿಶಿನ, ಕುಂಕುಮ, ಬಳೆ, ಬಿಚ್ಚೋಲೆ, ಕನ್ನಡಿ, ಬೇಳೆ, ಬೆಲ್ಲ, ತೆಂಗಿನಕಾಯಿ, ರವಿಕೆಕಣ ಇಟ್ಟು, ಮೇಲೆ ಇನ್ನೊಂದು ಮೊರ ಮುಚ್ಚಿ, ಸೆರಗು ಹೊದಿಸಿ, ಕೊಡುವವಳು ಒಂದು ಕಡೆ ತೆಗೆದುಕೊಳ್ಳುವವಳು ಒಂದು ಕಡೆ ಹಿಡಿದು ಕೊಡುವಂಥಾದ್ದು. ಒಳಗೇನಿದೆಯೆಂದು ಕೊಟ್ಟವಳಿಗೂ ತೆಗೆದುಕೊಂಡವಳಿಗೂ ಬಿಟ್ಟರೆ ಮೂರನೆಯವಳಿಗೆ ತಿಳಿಯಬಾರದು. ಅಂಬುಜೆಯಾದರೋ ಯಾರ ಕೈಯ ಅಳತೆ ಯಾವುದೆಂದು ನೆನಪಿಟ್ಟುಕೊಂಡು ಅವರವರಿಗೆ ಸರಿಹೊಂದುವ ಬಳೆಯನ್ನೇ ಇಡುತ್ತಿದ್ದಳು. ಊರ ಹೆಂಗಸರು ವರ್ಷವಿಡೀ ಅವಳು ಕೊಟ್ಟ ಬಳೆಗಳನ್ನೇ ತೊಟ್ಟು ಓಡಾಡುವರು. ಸರ್ವಮಂಗಳೆ ಕೊಟ್ಟವು ಒಬ್ಬಳಿಗೆ ಬಿಗಿ, ಒಬ್ಬಳಿಗೆ ಸಡಿಲ, ಕಡೆಗೆ ಗೂಡು ಸೇರುವುವು. ಬೀದಿಯಲ್ಲಿ ಯಾರಾದರೂ ಬಳೆ ಸದ್ದು ಮಾಡಿಕೊಂಡು ಹೋದರೆ ಅದು ತನ್ನನ್ನು ಅಣಕಿಸಲಿಕ್ಕೇ ಎಂದು ಅವಳಿಗೆ ತೋರುತ್ತಿತ್ತು. ಬಾವಿಗೆ ಬಂದಾಗ ಗೋಡೆಯಾಚೆಯಿಂದ ಹಗ್ಗ ಹಿಡಿದ ಅಂಬುಜೆಯ ಕೈ ಕಾಣಿಸಿದರೆ ಸಾಕು, ಬಿಂದಿಗೆ ತುಂಬಿ ಚೆಲ್ಲುತ್ತಿದ್ದರೂ ಆ ಕೈಯನ್ನೇ ದುರುಗುಟ್ಟಿ ನೋಡುತ್ತ ನಿಂತುಬಿಡುವಳು.

ಹೀಗೆ ಉರಿದುಕೊಳ್ಳುತ್ತ ಒಂದು ವರ್ಷ ಅವಳು ಯೋಚಿಸಿದ್ದೇನೆಂದರೆ, ಮುಚ್ಚಿ ಕೊಟ್ಟರೆ ತನ್ನದೆಷ್ಟು ಅವಳದೆಷ್ಟು ಎಂದು ನಾಲ್ಕು ಜನಕ್ಕೆ ತಿಳಿಯುವುದು ಹೇಗೆ? ಗಂಡನ ಅಂಗಡಿಯಿಂದ ಮಿರಿಮಿರಿ ಮಿಂಚುವ ಪ್ಲಾಸ್ಟಿಕ್ ಮೊರಗಳನ್ನು ತರಿಸಿ, ಕುಂಕುಮಕ್ಕೊಂದು ಕವರು, ಅರಿಶಿನಕ್ಕೊಂದು ಕವರು, ಬಳೆಗೊಂದು ಡಬ್ಬಿ ಮಾಡಿ, ಮುಚ್ಚುವ ಮೊರವನ್ನು ಬಿಟ್ಟು, ಒಳಗಿನದೆಲ್ಲ ಹೊರಗೆ ಕಾಣುವಂಥ ಪ್ಲಾಸ್ಟಿಕ್ ಹಾಳೆಯನ್ನು ಸುತ್ತಿ, ಟೇಪು ಹಚ್ಚಿ, ಮೇಲೊಂದು ಜರಿಯ ಹೂವು ಅಂಟಿಸಿದಳು. ಸೆರಗನ್ನೂ ಹೊದಿಸದೆ ಎಲ್ಲರ ಕಣ್ಣಮುಂದೆ ಹಂಚಿದಳು. ಮಗಳ ಮಡಿಲು ತುಂಬಿದರೆ ವರ್ಷವರ್ಷವೂ ಇಂಥದ್ದೇ ಬಾಗಿನ ಕೊಡುವೆನೆಂದು ಕೆರೆಯ ಗಂಗೆಗೆ ಹರಕೆ ಹೊತ್ತು, ದೊಡ್ಡದೊಂದನ್ನು ನೀರಿಗೆ ಬಿಟ್ಟಳು. ಬಿದಿರಿನ ಬಾಗಿನಗಳೆಲ್ಲ ನೀರು ಕುಡಿದು ಮೆಲ್ಲನೆ ಒಳಗೆ ಹೋದರೆ ಅವಳದು ಮಾತ್ರ ಮೇಲೇ ತೇಲುತ್ತ, ಬಿಸಿಲಿಗೆ ಫಳಫಳ ಹೊಳೆಯಿತು. ಊರ ಹೆಂಗಸರೆಲ್ಲ ಬಾಯಮೇಲೆ ಬೆರಳಿಟ್ಟು ನೋಡಿದರು. ಗಂಗೆ ತನ್ನದನ್ನು ತಲೆಯ ಮೇಲೆ ಹೊತ್ತು ಮೆರೆಸುತ್ತಿದ್ದಾಳೆಂದು ಸರ್ವಮಂಗಳೆ ಹಿಗ್ಗಿಹೋದಳು.

ಮರುವರ್ಷದಿಂದ ಅವಳನ್ನು ನೋಡಿ ಇವಳು, ಇವಳನ್ನು ನೋಡಿ ಇನ್ನೊಬ್ಬಳು, ಊರಿಗೆ ಊರೇ ಪ್ಲಾಸ್ಟಿಕ್ ಬಾಗಿನಕ್ಕೆ ಬಿತ್ತು. ನೆರೆಮನೆಯಲ್ಲಿ ಒಂದು ಸುತ್ತು ಸುತ್ತಿದರೆ ಈ ಮನೆಯಲ್ಲಿ ಎರಡು ಸುತ್ತು. ಮೇದರ ಕೇರಿಯಲ್ಲಿ ಮೊರ ಹೆಣೆಯುವುದು ನಿಂತೇಹೋದಂತಾಯಿತು. ಅಂಬುಜೆಯೊಬ್ಬಳು ಮಾತ್ರ ಬಿದಿರಿನ ಮೊರವನ್ನೇ ಕೊಡುತ್ತಿದ್ದಳು. ಹೆಂಗಸರು ಅದನ್ನು ಮಾತಿಲ್ಲದೆ ತೆಗೆದುಕೊಂಡು ಸರ್ವಮಂಗಳೆಯ ಬಾಗಿನವನ್ನು ಮಾತಾಡಿ ಮಾತಾಡಿ ತೆಗೆದುಕೊಂಡರು. ಅಷ್ಟಾದರೂ ಅವಳ ಉರಿ ತಣ್ಣಗಾಯಿತೇ ಎಂದರೆ ಇಲ್ಲ. ತೊಡುವ ಹೊತ್ತಿಗೆ ಅವರೆಲ್ಲ ತೊಡುತ್ತಿದ್ದುದು ಅಂಬುಜೆಯ ಬಳೆಯನ್ನೇ.

ಅಷ್ಟರಲ್ಲಿ ಶ್ಯಾಮಲೆ ಬಸುರಾಗಿ, ಹೆರಿಗೆಗೆ ತವರಿಗೆ ಬಂದು ಗಂಡುಮಗುವನ್ನು ಹೆತ್ತಳು. ಸರ್ವಮಂಗಳೆಯ ಕಾಲು ನೆಲದ ಮೇಲೆ ನಿಲ್ಲದಾಯಿತು. ಆದರೆ ಕೂಸು ಮೊಲೆ ಹಿಡಿಯದು, ಹಿಡಿದರೂ ಕಕ್ಕಿಬಿಡುವುದು, ದಿನದಿನಕ್ಕೆ ಸೊರಗತೊಡಗಿತು. ಬಾಣಂತಿ ಗಂಗೆಪೂಜೆ ಮಾಡಿ, ಬಾವಿಯಿಂದ ಮೊದಲ ಬಿಂದಿಗೆ ಸೇದಿ ಒಳಗೆ ತಂದರೆ ಎಲ್ಲವೂ ಸರಿಹೋಗುವುದೆಂದು ಹಿರಿಯರು ಹೇಳಲಾಗಿ, ಒಳ್ಳೆಯ ದಿನ ನೋಡಿ, ಬಾವಿಕಟ್ಟೆಗೆ ಅರಿಶಿನ ಕುಂಕುಮ ಹಚ್ಚಿ, ಶ್ಯಾಮಲೆ ಹಗ್ಗ ಹಿಡಿದು ಸೇದಿದಳು. ನಿನ್ನೆಯವರೆಗೆ ತಿಳಿಯಾಗಿದ್ದ ಬಾವಿಯಿಂದ ಮೇಲೆ ಬಂದದ್ದು ಕಪ್ಪುನೀರು. ಮೂಗು ಮುಚ್ಚಿಕೊಳ್ಳುವಂಥ ನಾತ, ಬಿಂದಿಗೆಯ ಕಂಠಕ್ಕೆ ಸುತ್ತಿಕೊಂಡ ಒಂದು ಜರಿಯ ಹೂವು. ಶ್ಯಾಮಲೆ ಬಿಂದಿಗೆ ಕೈಬಿಟ್ಟು ಅಲ್ಲೇ ಕುಸಿದು ಕೂತಳು. ಗಂಗೆ ಒಲಿಯದ ಬಾಣಂತಿ ಎಂದು ನೆರೆಹೊರೆಯವರು ಪಿಸುಗುಟ್ಟಿದರು. ಸರ್ವಮಂಗಳೆ ಮಾತ್ರ ಗೋಡೆಯ ಕಡೆ ತಿರುಗಿ, ಇದೆಲ್ಲ ಆ ಬಂಜೆಯ ಕಣ್ಣು ಬಿದ್ದೇ ಆದದ್ದೆಂದು ಆಚೆಗೆ ಕೇಳುವಂತೆ ಶಾಪ ಹಾಕಿದಳು.

ಸಿಹಿನೀರು ತಂದೇ ತೀರುತ್ತೇನೆಂದು ಬಿಂದಿಗೆಯನ್ನು ಕಂಕುಳಲ್ಲಿಟ್ಟುಕೊಂಡು ಅವಳು ಕೆರೆಗೆ ಹೋಗಲು, ಮೆಟ್ಟಿಲಿನ ಬಳಿ ನೀರು ಪಾಚಿಗಟ್ಟಿ, ಮೀನುಗಳು ಸತ್ತು ತೇಲುತ್ತಿದ್ದವು. ಏರಿಯ ಮೇಲೆ ನಡೆದು ತೂಬಿನ ಹತ್ತಿರ ಬಂದು ನೋಡುತ್ತಾಳೆ, ಅಷ್ಟು ವರ್ಷದ ಬಾಗಿನಗಳೆಲ್ಲ ಬಂದು ತೂಬಿನ ಬಾಯಿಗೆ ಗಿಡಿದುಕೊಂಡಿವೆ. ಒಂದೂ ಕರಗಿಲ್ಲ, ಒಂದೂ ಬಿಚ್ಚಿಕೊಂಡಿಲ್ಲ, ಕುಂಕುಮ ಕಟ್ಟಿದ ದಿನದಷ್ಟೇ ಕೆಂಪಗಿದೆ. ಅವುಗಳ ನಡುವೆ ತೂಬಿನ ಕಲ್ಲಿನ ಮೇಲೆ ಒದ್ದೆಸೀರೆಯ ಹೆಂಗಸೊಬ್ಬಳು ಬರಿಗೈಯಲ್ಲಿ, ಬರಿಹಣೆಯಲ್ಲಿ ಕೂತು, ಒಂದು ಬಾಗಿನವನ್ನು ತೊಡೆಯ ಮೇಲಿಟ್ಟುಕೊಂಡು ಹಲ್ಲಿನಿಂದ ಕಚ್ಚಿ ಎಳೆಯುತ್ತಿದ್ದಾಳೆ.

ಆ ಹೆಂಗಸು ತಲೆಯೆತ್ತಿ, “ಏನಮ್ಮಾ, ಇದನ್ನ ಬಿಚ್ಚೋದು ಹೇಗೆ ಅಂತ ನಿನಗೇನಾದ್ರೂ ಗೊತ್ತಾ? ಒಳಗೆ ಬಳೆ ಕಾಣ್ಸುತ್ತೆ, ಕುಂಕುಮ ಕಾಣ್ಸುತ್ತೆ, ಕೈಗೆ ಮಾತ್ರ ಒಂದೂ ಸಿಕ್ಕಲ್ಲ” ಅಂದಳು. ಸರ್ವಮಂಗಳೆ ಬೆದರಿ, ತಾವು ಯಾರ ಮನೆಯವರೆಂದು ಕೇಳಿದಳು.

“ನನಗೂ ನನ್ನ ಸವತಿಗೂ ಒಂದೇ ಮನೆ ಕಣೆ. ಅವಳನ್ನ ಮನೆಯೊಳಗೆ ಮಣೆ ಹಾಕಿ ಕೂರಿಸಿ, ಹಣೆಗೆ ಇಟ್ಟು, ಕೈಗೆ ತೊಡಿಸ್ತೀರಿ. ನನಗೆ ಹೀಗೆ ಕಟ್ಟಿ ಎಸೀತೀರಿ. ನಿನ್ನ ಮಗಳಿಗೆ ಬಸಿರು ಕೊಟ್ಟೋಳು ಅವಳು. ನೀರು ಕೊಡಬೇಕಾದೋಳು ನಾನು. ಅವಳ ಕೈತುಂಬ ಬಳೆ, ನನ್ನ ಕೈ ನೋಡು. ಹೊಟ್ಟೆ ಉರಿಯಲ್ವೇನೆ ನನಗೆ?”

ಆ ಕ್ಷಣ ಸರ್ವಮಂಗಳೆಗೆ ಎದುರಿಗಿರುವವಳು ಯಾರೆಂದು ತಿಳಿಯಿತು. ಗಂಗಮ್ಮತಾಯಿಯ ಕಣ್ಣಿನಲ್ಲಿದ್ದ ಉರಿ ಅವಳಿಗೆ ಚೆನ್ನಾಗಿ ಗುರುತಿದ್ದ ಉರಿಯೇ ಆಗಿತ್ತು. ಕಾಲಿಗೆ ಬಿದ್ದು, ತಾಯೀ, ಮೆರೆಯಬೇಕೆಂದು ಮಾಡಿದೆ, ಕೂಸನ್ನು ಉಳಿಸಿಕೊಡು ಎಂದು ಗೋಳಾಡಿದಳು. ಆಗ ಗಂಗೆಯು ಮನಸ್ಸು ಕರಗಿ ವ್ರತದ ಕ್ರಮವನ್ನು ಹೇಳಿದ್ದು ಹೇಗೆಂದರೆ: ಕಟ್ಟಿದ ಕೈಯೇ ಮೊದಲು ಬಿಚ್ಚಬೇಕು. ನೀರು ಬಿಚ್ಚಲಾರದ್ದನ್ನೂ ಮಣ್ಣು ಉಣ್ಣಲಾರದ್ದನ್ನೂ ಬಾಗಿನದಲ್ಲಿ ಇಡಬಾರದು. ಬಿದಿರಿನ ಮೊರಕ್ಕೆ ಬಿದಿರಿನ ಮೊರವನ್ನೇ ಮುಚ್ಚಿ, ಸೆರಗು ಹೊದಿಸಿ, ಮೂರನೆಯವರಿಗೆ ಕಾಣದಂತೆ ಕೊಡಬೇಕು. ಮೊದಲ ಬಾಗಿನವನ್ನು ಯಾರನ್ನು ಕಂಡರೆ ಹೊಟ್ಟೆಯುರಿಯುವುದೋ ಅವಳಿಗೇ ಕೊಡಬೇಕು. ಇಷ್ಟು ಹೇಳಿ ಗಂಗೆ ಕಣ್ಮರೆಯಾದಳು.

ಸರ್ವಮಂಗಳೆ ಸೆರಗು ಸೊಂಟಕ್ಕೆ ಸಿಕ್ಕಿಸಿ ನೀರಿಗಿಳಿದಳು. ಒಂದೊಂದನ್ನೇ ಎಳೆದು ದಡಕ್ಕೆ ಹಾಕಿ, ಉಗುರು ಕಿತ್ತುಬಂದರೂ ಬಿಡದೆ ಬಿಚ್ಚಿ, ಪ್ಲಾಸ್ಟಿಕ್ಕನ್ನು ಒಂದು ಕಡೆ ಗುಡ್ಡೆ ಹಾಕುತ್ತ ಅರಿಶಿನ ಕುಂಕುಮವನ್ನು ನೀರಿಗೆ ಬಿಡುತ್ತಿರಲಾಗಿ, ಒಂದು ಬಾಗಿನ ಕೈಗೆ ಸಿಕ್ಕಿತು. ಇದಕ್ಕೆ ಟೇಪು ಇರಲಿಲ್ಲ, ಕೈಯಲ್ಲಿ ಹೊಸೆದ ಹತ್ತಿಯ ದಾರದಿಂದ ಕಟ್ಟಿತ್ತು. ಒಳಗಿದ್ದ ಗೆಜ್ಜೆವಸ್ತ್ರದ ಸಣ್ಣ ಸಣ್ಣ ಗೆಜ್ಜೆಗಳನ್ನು ನೋಡಿದ ಕೂಡಲೇ ಯಾರ ಕೈಯದೆಂದು ತಿಳಿಯಿತು. ಊರಲ್ಲಿ ಹಾಗೆ ಗೆಜ್ಜೆವಸ್ತ್ರ ಮಾಡುವವಳು ಒಬ್ಬಳೇ.

ಅಂಬುಜೆಯೂ ಕಟ್ಟಿದ್ದಳು! ಊರೆದುರು ಬಿದಿರಿನ ಮೊರ ಕೊಟ್ಟು ಸಾಚಾ ಅನ್ನಿಸಿಕೊಂಡವಳು ಕದ್ದುಮುಚ್ಚಿ ಪ್ಲಾಸ್ಟಿಕ್ ಸುತ್ತಿ ಕೆರೆಗೆ ಬಿಟ್ಟಿದ್ದಳು! ತಾಯಂದಿರೇ, ಸರ್ವಮಂಗಳೆಗೆ ಆಗ ಆದ ಸಂತೋಷವನ್ನು ಏನೆಂದು ಹೇಳಲಿ? ದೇವಿ ಕಂಡಾಗಲೂ ಅಷ್ಟು ಸಂತೋಷವಾಗಿರಲಿಲ್ಲ. ಇದನ್ನು ಹೀಗೇ ಎತ್ತಿಕೊಂಡು ಹೋಗಿ ನಡುಬೀದಿಯಲ್ಲಿ ಹಿಡಿದರೆ ಸಾಕು, ಇಷ್ಟು ವರ್ಷದ ಉರಿಯೆಲ್ಲ ಆರುತ್ತಿತ್ತು. ಬಾಗಿನವನ್ನು ಎದೆಗೆ ಅವಚಿಕೊಂಡು ಏರಿ ಹತ್ತಿಯೂ ಹತ್ತಿದಳು.

ಹತ್ತುವಾಗ ಒಳಗೆ ಏನೋ ಲೊಟಕ್ಕೆಂದು ಅಲುಗಿತು. ನೋಡುತ್ತಾಳೆ, ಬಳೆಗಳ ಕೆಳಗೆ ಅಂಗೈಯಗಲದ ಒಂದು ಮರದ ತೊಟ್ಟಿಲು.

ಸರ್ವಮಂಗಳೆ ಬಿಸಿಲಿನಲ್ಲಿ ಹಾಗೇ ನಿಂತಳು. ಹೊಳೆಯುವ ಬಾಗಿನ ಬಿಟ್ಟವಳ ಮನೆಯಲ್ಲಿ ಮಗಳು ಬಸುರಾದಳು, ಗಂಗೆಗೆ ಇಂಥದ್ದೇ ಇಷ್ಟವಿರಬೇಕು ಎಂದುಕೊಂಡು, ನಾಚಿಕೆಯಿಂದ ಯಾರಿಗೂ ಹೇಳದೆ ಆಚೆಮನೆಯವಳು ಬಂದು ಇದನ್ನು ಬಿಟ್ಟುಹೋಗಿದ್ದಳು. ತಾನು ಯಾರ ಕೈ ನೋಡಿ ಕುದಿಯುತ್ತಿದ್ದಳೋ ಅವಳು ತನ್ನ ಮಡಿಲು ನೋಡಿ ಕುದಿಯುತ್ತಿದ್ದಳು. ಅವಳನ್ನು ಬೆಳಿಗ್ಗೆಯಷ್ಟೇ ಬಂಜೆಯೆಂದು ಕೂಗಿ ಬಂದದ್ದು ಸರ್ವಮಂಗಳೆಗೆ ನೆನಪಾಯಿತು. ಮೂರನೆಯವರಿಗೆ ಕಾಣದಂತೆ ಎಂದು ಗಂಗೆ ಏಕೆ ಹೇಳಿದಳೆಂಬುದು ಆಗ ಅರ್ಥವಾಯಿತು. ಸೊಂಟದ ಸೆರಗನ್ನು ಬಿಚ್ಚಿ, ಬಾಗಿನದ ಮೇಲೆ ಹೊದಿಸಿಕೊಂಡು, ಅಲ್ಲಿಂದ ನೆಟ್ಟಗೆ ಮೇದರ ಕೇರಿಗೆ ನಡೆದಳು.

ಹೊಸ ಬಿದಿರಿನ ಮೊರಗಳನ್ನು ತಂದು, ಅರಿಶಿನ ಕುಂಕುಮ ಬೇಳೆ ಬೆಲ್ಲಗಳನ್ನು ಬಾಳೆಲೆಯಲ್ಲೂ ಬಟ್ಟೆಯಲ್ಲೂ ಕಟ್ಟಿ, ನಡುವೆ ಆ ತೊಟ್ಟಿಲನ್ನಿಟ್ಟು, ಬಳೆಗಾರನ ಮುಂದೆ ಕೂತಳು. ಅಳತೆ ಕೇಳಿದಾಗ ಒಂದು ಕ್ಷಣವೂ ತಡವರಿಸಲಿಲ್ಲ. ಯಾರ ಕೈಗೂ ಸರಿಯಾಗುವ ಬಳೆಯನ್ನು ಹುಟ್ಟಿದಾಗಿನಿಂದ ಆರಿಸದ ಸರ್ವಮಂಗಳೆ ಈ ಸಲ ಮಾತ್ರ ಕಣ್ಣುಮುಚ್ಚಿ ಆರಿಸಿದಳು. ಹೊಟ್ಟೆಕಿಚ್ಚಿನಿಂದಲೇ ಆಗಲಿ, ಅಷ್ಟು ವರ್ಷ ನೋಡಿದ್ದು ಅದೊಂದೇ ಕೈಯನ್ನಲ್ಲವೇ?

ಗೋಡೆಯಾಚೆಯ ಬಾಗಿಲಿಗೆ ಹೋಗಿ ನಿಂತಾಗ ಅಂಬುಜೆ ಅತ್ತು ಅತ್ತು ಕಣ್ಣು ಊದಿಸಿಕೊಂಡಿದ್ದಳು. ಸರ್ವಮಂಗಳೆ ಸೆರಗಿನಡಿಯಲ್ಲಿ ಮೊರದ ಒಂದು ಅಂಚು ಹಿಡಿದು ಇನ್ನೊಂದನ್ನು ಅವಳತ್ತ ಚಾಚಿದಳು. ಅಂಬುಜೆ ಹಿಡಿದಳು. ಹಿಡಿದ ಕೈ ಮುಚ್ಚಿದ ಮೊರದ ಸಂದಿನಲ್ಲಿ ಹೋಗಿ, ಬಳೆ ಮುಟ್ಟಿ, ತೊಟ್ಟಿಲು ಮುಟ್ಟಿ, ಅಲ್ಲೇ ನಿಂತಿತು.

“ಅಕ್ಕಾ,” ಅಂದಳು ಅಂಬುಜೆ, “ನೀವು ನೋಡಿಬಿಟ್ರಾ?”

“ನಾನೇನೂ ನೋಡಿಲ್ಲಮ್ಮ. ಬಾಗಿನ ಮುಚ್ಚೇ ಇದೆ. ಕೆರೆಗೆ ಬಾ, ಇಬ್ರೂ ಸೇರಿ ಬಿಚ್ಚೋದು ಇನ್ನೂ ತುಂಬ ಇದೆ.”

ಇಬ್ಬರು ಓರಗಿತ್ತಿಯರು ಒಟ್ಟಿಗೆ ಬೀದಿಯಲ್ಲಿ ಹೋಗುವುದನ್ನು ಕಂಡ ಊರ ಹೆಂಗಸರು ಅದೇನೆಂದು ನೋಡಲಿಕ್ಕೇ ಹಿಂದೆ ಹೋದರು. ನೋಡಲು ಹೋದವರು ತಮ್ಮ ತಮ್ಮ ಬಾಗಿನಗಳನ್ನು ಗುರುತುಹಿಡಿದು, ನಾಚಿ, ನೀರಿಗಿಳಿದರು. ತೂಬು ಬಿಚ್ಚಿಕೊಂಡಿತು, ಕಾಲುವೆ ಹರಿಯಿತು, ಕೊಳೆತದ್ದನ್ನೆಲ್ಲ ಬಳಿದುಹಾಕಿದ ಬಾವಿಯಲ್ಲಿ ತಿಳಿನೀರು ಊರಿತು. ಶ್ಯಾಮಲೆ ಗಂಗೆಪೂಜೆ ಮಾಡಿ ಮೊದಲ ಬಿಂದಿಗೆಯನ್ನು ಸೊಂಟಕ್ಕೇರಿಸಿ ಒಳಗೆ ಬಂದಳು. ಕೂಸು ಮೊಲೆ ಹಿಡಿದು ಹೊಟ್ಟೆತುಂಬ ಕುಡಿದು ನಿದ್ದೆಹೋಯಿತು. ಆ ತದಿಗೆಯಂದು ಇಡೀ ಊರು ಬಿದಿರಿನ ಬಾಗಿನವನ್ನೇ ಕೊಟ್ಟಿತು. ಸರ್ವಮಂಗಳೆಯ ಗಂಡ ಅಂಗಡಿಯಲ್ಲಿ ಬಟ್ಟೆಚೀಲ ತೂಗುಹಾಕಿದ. ಮುಂದಿನ ಗೌರಿಹಬ್ಬ ಬರುವುದರೊಳಗೆ ಗೋಡೆಯಾಚೆಯ ಮನೆಯಲ್ಲೂ ತೊಟ್ಟಿಲು ಕಟ್ಟಿದರು. ನಾಮಕರಣಕ್ಕೆ ಹೋದ ಸರ್ವಮಂಗಳೆಗೆ, ಆ ಕೂಸು ತನ್ನ ಮೊಮ್ಮಗನಿಗಿಂತ ಒಂದು ಕೈ ಬೆಳ್ಳಗಿದೆಯಲ್ಲ ಎಂದು ಒಳಗೆ ಚುರುಕ್ಕೆಂದಿತಂತೆ. ಅವಳು ತಕ್ಷಣ ಸೆರಗನ್ನು ಬಿಗಿಯಾಗಿ ಹೊದ್ದು, ಅದನ್ನೂ ಮುಚ್ಚಿಕೊಂಡು, ಕೂಸಿನ ಕೆನ್ನೆಗೊಂದು ದೃಷ್ಟಿಬೊಟ್ಟು ಇಟ್ಟಳು.

ಆದ್ದರಿಂದ ಸುಮಂಗಲಿಯರೇ, ಈ ಕಥೆಯನ್ನು ಹೇಳಿದವರಿಗೂ ಕೇಳಿದವರಿಗೂ, ಅಡುಗೆಮನೆಯಲ್ಲಿ ಒಬ್ಬಟ್ಟು ತಟ್ಟುತ್ತ ಅರ್ಧಂಬರ್ಧ ಕೇಳಿಸಿಕೊಂಡವರಿಗೂ ಬಾವಿ ಬತ್ತದಿರಲಿ, ಮಡಿಲು ಬರಿದಾಗದಿರಲಿ. ಹೊಟ್ಟೆಕಿಚ್ಚು ಪೂರ್ತಿ ಆರಿದವರಿಗೇ ಫಲವೆಂದು ಗಂಗೆ ಹೇಳಲಿಲ್ಲ, ಹಾಗೆ ಹೇಳಿದ್ದರೆ ಈ ನಡುಮನೆಯಲ್ಲಿ ಫಲ ಯಾರಿಗೆ ಸಿಕ್ಕೀತು? ಉರಿಯನ್ನು ಸೆರಗಿನಡಿ ಇಟ್ಟುಕೊಂಡು, ಉರಿಸಿದವಳಿಗೇ ಮೊದಲ ಬಾಗಿನ ಕೊಟ್ಟವಳಿಗೆ ಸರ್ವಮಂಗಳೆಗೆ ಆದದ್ದೇ ಆಗುವುದು. ಈಗ ಅಕ್ಷತೆಯನ್ನು ಕಲಶದ ಮೇಲೆ ಹಾಕಿ ಏಳಿರಿ. ಕುಂಕುಮವನ್ನು ಕವರಿನಲ್ಲಿ ತಂದವರಿದ್ದರೆ ಇಲ್ಲೇ ಬಟ್ಟಲಿಗೆ ಬಗ್ಗಿಸಿ, ಕವರನ್ನು ನನ್ನ ಕೈಗೆ ಕೊಡಿರಿ. ಯಾರು ತಂದರೆಂದು ನಾನು ನೋಡುವುದಿಲ್ಲ, ಸೆರಗಿನಡಿಯಿಂದಲೇ ಕೊಡಿರಿ.