ಬಾಯಿ ತೆರೆದವರ ಮಾತು

“ಕೇಳಿರಪ್ಪೋ ಕೇಳಿ! ಮಾಣಿಕಪುರದ ದೊರೆ ವೀರಸೋಮರ ಅಪ್ಪಣೆ! ಅರಮನೆಯ ದಂತವೈದ್ಯ ಶಾಲೆಯಲ್ಲಿ ಒಂದೇ ಒಂದು ಜಾಗ ಖಾಲಿಯಿದೆ. ರಾಜಕುಮಾರಿಯ ಮೂರು ಒಗಟು ಬಿಡಿಸಿದವರಿಗೆ ಆ ಜಾಗ. ತಪ್ಪಿದವರ ತಲೆಯನ್ನು ಅಮಾವಾಸ್ಯೆಯ ದಿನ ಹಾರಿಸಲಾಗುವುದು!”

ಹಲ್ಲು ನೋಡುವುದನ್ನು ಕಲಿಯಲು ತಲೆ ಒತ್ತೆಯಿಡಬೇಕೇ ಎಂದು ನೀವು ಕೇಳಬಹುದು. ದೊರೆ ಆಗ ಎಲ್ಲರ ಮೇಲೂ ಸಿಡಿಮಿಡಿಗುಟ್ಟುತ್ತಿದ್ದ. ಕಾರಣ ಮುಂದೆ ಗೊತ್ತಾಗುತ್ತದೆ.

ಡಂಗುರ ಕಂಬಳಿ ನೇಯುವ ಈರವ್ವನ ಮನೆಯ ಮುಂದೆಯೂ ಹಾದುಹೋಯಿತು. ಅವಳ ಮಗ ಬೊಮ್ಮಣ್ಣ ಎರಡು ಸಲ ಆ ಶಾಲೆಗೆ ಅರ್ಜಿ ಹಾಕಿ, ಎರಡು ಸಲವೂ ಬಾಗಿಲಿನಿಂದಲೇ ಹಿಂದಿರುಗಿದ್ದ. ಊರ ಶಾಲೆಯಲ್ಲಿ ಅವನ ಅಂಕ ಕಡಿಮೆ, ರಾಜಧಾನಿಯ ಪ್ರವೇಶ ಪರೀಕ್ಷೆಯಲ್ಲಿ ಇನ್ನೂ ಕಡಿಮೆ. ಸೋಮಾರಿಯಲ್ಲ, ಪಾಪ. ಓದಿದ್ದು ಮಲಗುವವರೆಗೆ ಇರುತ್ತಿತ್ತು, ಎದ್ದಾಗ ಇರುತ್ತಿರಲಿಲ್ಲ. ಅಂಕವಂತೂ ಏರದು, ಅರ್ಜಿಗೆ ಬೇರೇನಾದರೂ ಬಲ ಬರಲಿ ಎಂದು ಸಂತೆಯಲ್ಲಿ ಹಲ್ಲು ಕೀಳುವ ಚನ್ನಪ್ಪನ ಜೊತೆ ಸೇರಿಕೊಂಡಿದ್ದ. ಚನ್ನಪ್ಪ ಇಕ್ಕಳ ಹಾಕುವಾಗ ನೋವಿನವರ ತಲೆ ಅಲುಗದಂತೆ ಹಿಡಿಯುವುದು ಅವನ ಕೆಲಸ.

“ಬ್ಯಾಡ ಕಣ್ ಮಗಾ,” ಎಂದಳು ಈರವ್ವ. “ಬದುಕಿದ್ರೆ ಬೇಡಿ ತಿಂದೇವು. ಹಲ್ಲಿನ ವಿದ್ಯೆಗೆ ತಲೆ ಕೊಟ್ಟೋರುಂಟಾ?”

“ಚನ್ನಪ್ಪನ ಮುಂದೆ ಜನ ಪಡೋ ಪಾಡು ನೋಡಾಕಾಗಲ್ಲವ್ವ. ಸರಿಯಾಗಿ ಕಲ್ತೋನು ನಮ್ಮೂರಾಗೆ ಒಬ್ಬನಾದ್ರೂ ಇರಬೇಕು. ನಂಗೆ ಬೇರೆ ದಾರಿ ಇಲ್ಲ.”

ಈರವ್ವ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತಳು. ಅವನು ಹೊರಟ.

ಅರಮನೆಯ ಕಾವಲುಗಾರ ಬೊಮ್ಮಣ್ಣನ ಅಂಕ ನೋಡಿ, “ಈ ಅಂಕಕ್ಕೆ ಲಾಯದ ಕುದುರೆ ಹಲ್ಲು ಎಣಿಸೋಕೂ ಬಿಡಲ್ಲ,” ಎಂದು ನಕ್ಕು, ಸಾಲಿನ ಕೊನೆಗೆ ತಳ್ಳಿದ.

ಒಗಟು ಕೇಳುತ್ತಿದ್ದುದು ಮುಚ್ಚಿದ ಬಾಗಿಲ ಹಿಂದೆ; ಗಂಟೆ ಮೂರು ಸಲ ಬಾರಿಸುವುದರೊಳಗೆ ಉತ್ತರ ಹೇಳಬೇಕು. ಶಾಲೆಯ ಉಸ್ತುವಾರಿ ರಾಜಕುಮಾರಿ ಮಲ್ಲಾಂಬಿಕೆಯದೇ. ಮೊದಲು ಹೋದ ವರ್ತಕರ ಮಗ ಒಂದನೇ ಒಗಟಿಗೇ ಸೋತು ಸೆರೆಮನೆ ಸೇರಿದ. ಮಂತ್ರಿಯ ಮಗ ಜಾಣ, ಎರಡನ್ನು ಬಿಡಿಸಿದ. ಮೂರನೆಯದಕ್ಕೆ “ಕಣ್ಣೀರು” ಎಂದು ಹೇಳಿ ಅವನೂ ಸೆರೆಯಾದ. ಅವನನ್ನು ಎಳೆದೊಯ್ಯುವುದನ್ನು ಬೊಮ್ಮಣ್ಣ ಕಂಡ. ಅಂಥವನೇ ಸೋತ ಮೇಲೆ ನಾನು ಯಾವ ಗಿಡದ ತಪ್ಪಲು ಅಂದುಕೊಂಡ. ಅಷ್ಟರಲ್ಲಿ ಅವನ ಸರದಿ ಬಂತು. ಒಳಗೆ ರಾಜಕುಮಾರಿಯ ಜೊತೆ ದೊರೆಯೂ ಮಂತ್ರಿಯೂ ಕುಳಿತಿದ್ದರು.

“ಮನೆ ಬಿದ್ದುಹೋಗಿದೆ,” ಎಂದಳು ರಾಜಕುಮಾರಿ. “ಆದರೂ ನೆರೆಯವಳು ದಿನವಿಡೀ ಬಂದು ಖಾಲಿ ಜಾಗವನ್ನು ತಡವುತ್ತಾಳೆ. ಯಾರವಳು?”

ಉತ್ತರ ಹುಡುಕುತ್ತಿದ್ದ ಬೊಮ್ಮಣ್ಣನ ನಾಲಿಗೆ ತನ್ನ ಪಾಡಿಗೆ ತಾನು ಬಿದ್ದುಹೋದ ದವಡೆಹಲ್ಲಿನ ಜಾಗಕ್ಕೆ ಹೋಯಿತು. “ನಾಲಿಗೆ, ತಾಯಿ.”

“ಕಿರೀಟವಿಲ್ಲ, ಸೈನ್ಯವಿಲ್ಲ, ಸಾಸಿವೆಯಷ್ಟು ತೂತಿನಲ್ಲಿ ವಾಸ. ಆದರೂ ದೊರೆಯನ್ನೇ ಮಂಚದಿಂದ ಎಬ್ಬಿಸಿ ಅಂಗಳದಲ್ಲಿ ತಿರುಗಾಡಿಸುತ್ತಾನೆ. ಯಾರವನು?”

ಬೊಮ್ಮಣ್ಣ ದಿಕ್ಕು ತೋಚದೆ ದೊರೆಯ ಕಡೆ ನೋಡಿದ. ದೊರೆಯ ಎಡಗೆನ್ನೆ ಊದಿಕೊಂಡಿತ್ತು. ಅಲ್ಲಿದ್ದವರಿಗೆಲ್ಲ ಅದು ಕಾಣುತ್ತಿತ್ತು, ಬಾಯಿ ಬಿಡುವ ಧೈರ್ಯವಿರಲಿಲ್ಲ.

“ಹಲ್ಲುನೋವು,” ಎಂದ. ದೊರೆ ದುರುಗುಟ್ಟಿ ನೋಡಿದ.

“ಬಾಯಿ ತೆರೆದೇ ಇದೆ, ಸದ್ದು ಹೊರಡದು. ಆದರೂ ಒಂದು ಮಾತು ಹೊರಡುತ್ತದೆ. ಕಂಡವನು ಆ ಕ್ಷಣವೇ ನಿಲ್ಲಬೇಕು. ಆ ಮಾತು ಯಾವುದು?”

ಪರೀಕ್ಷೆಯ ದಿನಗಳಲ್ಲಿ ಆಗುತ್ತಿದ್ದಂತೆ ಬೊಮ್ಮಣ್ಣನ ತಲೆಯೊಳಗೆ ಬರೀ ಬಯಲು. ಗಂಟೆ ಒಮ್ಮೆ ಬಾರಿಸಿತು. ಅವ್ವನ ಮುಖ ನೆನಪಾಯಿತು. ಗಂಟೆ ಮತ್ತೆ ಬಾರಿಸಿತು. ಸೋತೆ, ಮೂರನೇ ಸಲವೂ ಸೋತೆ ಎಂದು ದುಃಖ ಉಕ್ಕಿಬಂತು. ಕಡೆಯ ಗಂಟೆಗೆ ಭಟರು ಬಂದು, ಸೆರೆಗೆ ಎಳೆಯಲು ಅವನ ಕತ್ತು ಹಿಂದಕ್ಕೆ ಬಾಗಿಸಿ ಹಿಡಿದರು. ಬೇಡಿಕೊಳ್ಳಲು ಬಾಯಿ ತೆರೆದ, ಸ್ವರ ಬರಲಿಲ್ಲ. ಬೇರೇನೂ ತೋಚದೆ ಬಲಗೈ ಮೇಲೆತ್ತಿದ.

“ನಿಲ್ಲಿ!” ಎಂದಳು ರಾಜಕುಮಾರಿ.

ಭಟರು ಕೈಬಿಟ್ಟರು.

“ಈ ಕೈ ಉತ್ತರವೋ, ಶರಣಾಗತಿಯೋ?”

“ಸುಳ್ಳು ಹೇಳಾಕಿಲ್ಲ, ತಾಯಿ. ಎತ್ತುವಾಗ ಗೊತ್ತಿರಲಿಲ್ಲ. ಎತ್ತಿದ ಮ್ಯಾಲೆ ಗುರುತು ಹತ್ತಿತು. ಸಂತೇಲಿ ನಾನು ತಲೆ ಹಿಡಿದೋರೆಲ್ಲ ಹಿಂಗೇ ಎತ್ತೋರು. ಬಾಯಾಗೆ ಇಕ್ಕಳ ಇದ್ರೆ ಇನ್ನೆಂಗೆ ಹೇಳ್ಯಾರು? ‘ಚನ್ನಪ್ಪಣ್ಣ, ಕೈ ಎತ್ತವ್ರೆ’ ಅಂದ್ರೆ ನನ್ ಕೆನ್ನೆಗೇ ಒಂದು ಬೀಳ್ತಿತ್ತು. ಒಂದ್ ಸಲಾನೂ ಅವ್ನು ನಿಲ್ಲಿಸ್ಲಿಲ್ಲ.”

ಮಂತ್ರಿಗೆ ಹೊಟ್ಟೆಯುರಿ. “ಇವನ ಅಂಕ ನೋಡಿದ್ದೀರಾ, ರಾಜಕುಮಾರಿ? ಕಣ್ಣೀರು ಯಾಕಾಗಬಾರದು?”

“ಕಣ್ಣೀರು ನೋವು ನಿಂತ ಮೇಲೂ ಹರಿಯುತ್ತದೆ, ಮಂತ್ರಿಗಳೇ. ಎತ್ತಿದ ಕೈಗೆ ಒಂದೇ ಅರ್ಥ, ನಿಲ್ಲಿಸು ಎಂದು.” ಅವಳು ಬೊಮ್ಮಣ್ಣನತ್ತ ತಿರುಗಿದಳು. “ನಿನ್ನ ಅಂಕ ಕಡಿಮೆ ಎಂಬುದೂ ನಿಜ. ಎಲ್ಲರಿಗಿಂತ ಹೆಚ್ಚು ಓದಬೇಕಾಗುತ್ತದೆ. ಜಾಗ ನಿನ್ನದು. ಬೇರೇನು ಬೇಕು?”

“ಸೆರೇಲಿರೋರನ್ನ ಬಿಟ್ಬಿಡಿ, ತಾಯಿ. ಅವ್ರ ಮನೇಲೂ ಅವ್ವಂದಿರು ಅಳ್ತಾ ಇರ್ತಾರೆ.”

ರಾಜಕುಮಾರಿ ತಂದೆಯ ಕಡೆ ನೋಡಿದಳು. ದೊರೆ ಕೆನ್ನೆ ಹಿಡಿದುಕೊಂಡೇ ತಲೆಯಾಡಿಸಿದ.

ಅಂದೇ ದೊರೆಯ ಹಲ್ಲು ಕೀಳಲು ಶಾಲೆಯ ವೃದ್ಧ ಗುರುಗಳು ಇಕ್ಕಳ ಹಿಡಿದರು. ಬೊಮ್ಮಣ್ಣನಿಗೆ ಕೊಟ್ಟದ್ದು ಒಂದೇ ಕೆಲಸ, ದೊರೆಯ ಕೈ ನೋಡುತ್ತ ನಿಲ್ಲುವುದು. ಸ್ವಲ್ಪ ಹೊತ್ತಿಗೆ ಉಂಗುರದ ಕೈ ಮೆಲ್ಲಗೆ ಮೇಲೆದ್ದಿತು.

“ಗುರುಗಳೇ, ಕೈ ಎತ್ತವ್ರೆ,” ಎಂದು, ಬೊಮ್ಮಣ್ಣ ಅಭ್ಯಾಸಬಲದಿಂದ ತನ್ನ ಕೆನ್ನೆಗೆ ಅಂಗೈ ಅಡ್ಡ ಹಿಡಿದ.

ಏಟು ಬೀಳಲಿಲ್ಲ. ಗುರುಗಳು ನಿಲ್ಲಿಸಿದ್ದರು.