ಎದುರಿಗೊಬ್ಬರು ಬೇಕು

"ಒಬ್ಬನ ಕೆಲಸಕ್ಕ ಇಬ್ಬರ್ಯಾಕ?" ಎಂದು ಹುಬ್ಬಳ್ಳಿಯ ವರ್ಕ್‌ಶಾಪಿನ ಸಾವುಕಾರರು ಗುಡುಗಿ, ಚಂಬಣ್ಣನ ಜೊತೆ ಒಂದೇ ಮಷೀನಿನಲ್ಲಿ ದುಡಿಯುತ್ತಿದ್ದ ದಾವಲಸಾಬನನ್ನು ಗೋದಾಮಿಗೆ ಕಳಿಸಿಬಿಟ್ಟರು. ಹೆಂಡತಿ ತೀರಿಹೋದ ಮೇಲೆ ಚಂಬಣ್ಣನ ಮಾತಿಗಿದ್ದವನು ಅವನೊಬ್ಬನೇ. ಈಗ ದಿನವಿಡೀ ಡ್ರಿಲ್ಲಿಂಗ್ ಮಷೀನಿನ ಸದ್ದಷ್ಟೇ.

ಮರುದಿನ ಚಂಬಣ್ಣ, ಕೊರೆದ ತೂತಿನೊಳಗೆ ಸ್ಕ್ರೂ ಕೂರುವ ಥ್ರೆಡ್ ಹೊಡೆಯಲು ಟ್ಯಾಪ್ ಎಂಬ ಸುರುಳಿಹಲ್ಲಿನ ಉಕ್ಕಿನ ಕಡ್ಡಿ ಇಟ್ಟು ಸುಮ್ಮನೆ ನಿಂತ.

"ಯಾಕ ನಿಂತಿ?" ಎಂದರು ಸಾವುಕಾರರು.

"ಟ್ಯಾಪ್ ಸೊಟ್ಟ ಇಳಿದ್ರ ಮುರೀತೈತ್ರಿ. ಎದುರಿಗೊಬ್ಬರು ನಿಂತು ನೋಡಬೇಕ್ರಿ."

ಸಾವುಕಾರರೇ ಬಗ್ಗಿ ನೋಡುತ್ತ ನಿಂತರು. ತೂತುಗಳು ಮುಗಿಯಲೇ ಇಲ್ಲ. ಮಧ್ಯಾಹ್ನಕ್ಕೆ ಸೊಂಟ ಹಿಡಿಯಿತು.

"ಹೋಗಿ ಆ ದಾವಲಸಾಬನ್ನ ಕರಕೊಂಡು ಬಾ!"

ದಾವಲಸಾಬ ಬಂದವನೇ ಮೆಲ್ಲಗೆ ಕೇಳಿದ: "ಟ್ಯಾಪ್ ನೆಟ್ಟಗೈತೇನಂತ ನೋಡೋ ಮೂಲೆಮಟ್ಟ ಎಲ್ಲಿ ಹೋತೋ?"

ಚಂಬಣ್ಣ ಜೇಬು ಮುಟ್ಟಿಕೊಂಡ. "ಇಲ್ಲೇ ಐತಿ. ಆದ್ರ ಅದು ಮಾತಾಡಂಗಿಲ್ಲಲ್ಲೋ."